ಬಾರದ ಸಂಬಳರಾಯರೊಡನೆ ಒಂದು ರಾತ್ರಿ

ಒಂದನೇ ತಾರೀಖು ಬರಬೇಕಿದ್ದ ಸಂಬಳ ಏಳನೇ ತಾರೀಖಾದರೂ ಬಂದಿರಲಿಲ್ಲ. ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೇಳಿದೆ. ‘ನಮ್ಮ ಕಡೆಯಿಂದ ಪ್ರೊಸೆಸ್ ಆಗಿದೆ, ಬ್ಯಾಂಕಿನಲ್ಲಿ ವಿಚಾರಿಸಿ’ ಅಂದರು. ಬ್ಯಾಂಕಿಗೆ ಹೋದೆ. ‘ನಮಗೇನೂ ಬಂದಿಲ್ಲ, ಕಂಪನಿಯಲ್ಲಿ ವಿಚಾರಿಸಿ’ ಅಂದರು. ಪೀಣ್ಯದಿಂದ ರಾಜಾಜಿನಗರಕ್ಕೆ, ರಾಜಾಜಿನಗರದಿಂದ ಪೀಣ್ಯಕ್ಕೆ ಎರಡು ಸಲ ಓಡಾಡಿದ್ದಾಯಿತು. ಮೆಟ್ರೋ ಕಾರ್ಡಿನಲ್ಲಿದ್ದ ದುಡ್ಡೂ ಕರಗಿತು. ಮೂರನೇ ಸಲ ಓಡುವ ಬದಲು ಇಬ್ಬರನ್ನೂ ಬಿಟ್ಟು ಸಂಬಳವನ್ನೇ ಕಂಡು ಕೇಳಿಬಿಡೋಣ ಅನ್ನಿಸಿತು.

ಅದಕ್ಕೂ ಮೊದಲು ಮ್ಯಾನೇಜರರಿಗೆ ಕಳಿಸಬೇಕಾದ ಮೇಲ್‌ನ ಕರಡನ್ನು ಒಂದು ಚೀಟಿಯಲ್ಲಿ ಬರೆಯಲು ಕೂತಿದ್ದೆ. ‘ತಮ್ಮ ಅಮೂಲ್ಯ ಸಮಯ ಹಾಳುಮಾಡುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ಕೃಪೆಯಿಟ್ಟು...’ ಅಲ್ಲಿಂದ ಮುಂದಕ್ಕೆ ಪೆನ್ನು ಹೋಗಲಿಲ್ಲ. ಆ ಚೀಟಿಯನ್ನು ಜೇಬಿಗೆ ತುರುಕಿಕೊಂಡು ಹೊರಟೆ. ಯಾವ ದಾರಿ ಹಿಡಿದು ಎಲ್ಲಿಗೆ ಹೋದೆ ಎಂದು ಕೇಳಬೇಡಿ. ಸಂಬಳ ಬಾರದ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗುತ್ತಾನೆ.

ಅದೊಂದು ಉದ್ದನೆಯ ಪಡಸಾಲೆ, ರಾತ್ರಿ ಹನ್ನೊಂದರ ಮೆಜೆಸ್ಟಿಕ್ ಬಸ್ ನಿಲ್ದಾಣದ ಹಾಗೆ. ಅರ್ಧ ಗಂಟೆಗೊಮ್ಮೆ ಗಂಟೆ ಬಾರಿಸುತ್ತಿತ್ತು, ಒಂದು ಗುಂಪು ಎದ್ದು ಹೊರಡುತ್ತಿತ್ತು. ಮೂಲೆಯ ಬೆಂಚಿನ ಮೇಲೆ ಇಸ್ತ್ರಿ ಕೆಡದ ಬಿಳಿ ಅಂಗಿಯ ಹಿರಿಯರೊಬ್ಬರು ತೊಡೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು ಕೂತಿದ್ದರು. ಅವರ ಎದೆಯ ಮೇಲೆ ನನ್ನದೇ ಎಂಪ್ಲಾಯಿ ನಂಬರು.

ನಾನು: ನಮಸ್ಕಾರ ಸಂಬಳರಾಯರೇ. ಏಳು ದಿನದಿಂದ ನಿಮ್ಮ ದಾರಿ ಕಾಯ್ತಾ ಇದ್ದೀನಿ.

ಸಂಬಳರಾಯರು: ಏಳು ದಿನ ಅಲ್ಲ ಸ್ವಾಮಿ, ಮೂವತ್ತೇಳು ದಿನ. ಹೋದ ತಿಂಗಳು ಒಂದನೇ ತಾರೀಖು ಬೆಳಿಗ್ಗೆ ಪಂಚ್ ಮಾಡಿ ಒಳಗೆ ಹೋದ್ರಲ್ಲ, ಆವತ್ತಿನ ದುಡಿಮೆಯ ದುಡ್ಡೂ ಇನ್ನೂ ನಿಮ್ಮ ಕೈಗೆ ಬಂದಿಲ್ಲ. ಈ ಲೆಕ್ಕ ತಲೇಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ. ಕೂತ್ಕೊಳ್ಳಿ.

ನಾನು: ಓದುಗರಿಗೆ ಮೊದಲು ನಿಮ್ಮ ಪರಿಚಯ ಆಗಲಿ.

ಸಂಬಳರಾಯರು: ಹೆಸರು ಸಂಬಳ. ಹಳೇ ಅರ್ಥ ದಾರಿಬುತ್ತಿ. ಪ್ರಯಾಣ ಹೊರಟವರು ಕಟ್ಕೊಂಡು ಹೋಗೋ ಅನ್ನ. ಅದಕ್ಕೇ ಈ ಗಂಟು. ಧಾರವಾಡದ ಕಡೆ ಪಗಾರ ಅಂತಾರೆ, ಅದು ಪೋರ್ಚುಗೀಸರು ಬಿಟ್ಟುಹೋದ ಹೆಸರು. ಗಾರೆ ಕೆಲಸದವರಿಗೆ ಶನಿವಾರ ಸಂಜೆಯ ಬಟವಾಡೆ. ಸರ್ಕಾರಿ ಕಾಗದದಲ್ಲಿ ವೇತನ. ಹೆಸರು ಹೆಚ್ಚಾದಷ್ಟೂ ನಾನು ಹೆಚ್ಚಾಗ್ತೀನಿ ಅಂತೇನಿಲ್ಲ.

ನಾನು: ಕೆಲಸಕ್ಕೆ ಸೇರಿಸಿಕೊಳ್ಳುವಾಗ ‘ಸಿಟಿಸಿ’ ಅಂತ ದೊಡ್ಡ ಮೊತ್ತ ಹೇಳಿದ್ದರಲ್ಲ?

ಸಂಬಳರಾಯರು: ಅದು ನನ್ನ ಮದುವೆ ಆಲ್ಬಮ್ಮಿನ ಫೋಟೋ. ನಿಮ್ಮ ಮನೆಗೆ ಬರೋನು ಆಧಾರ್ ಕಾರ್ಡಿನ ಫೋಟೋದಲ್ಲಿರೋನು. ದಾರಿಯಲ್ಲಿ ಪಿಎಫ್‌ನವರು ಶೇಕಡಾ 12 ಹಿಡ್ಕೋತಾರೆ. ಸಂಬಳ 25,000 ಮುಟ್ಟಿದ್ರೆ ವೃತ್ತಿ ತೆರಿಗೆ ಅಂತ ರಾಜ್ಯ ಸರ್ಕಾರಕ್ಕೆ ತಿಂಗಳಿಗೆ 200. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ 300. ವರ್ಷದಲ್ಲೇ ಚಿಕ್ಕ ತಿಂಗಳಿಗೆ ದೊಡ್ಡ ತೆರಿಗೆ! ಲೆಕ್ಕ ಹಾಕಿದವರಿಗೆ ಒಳ್ಳೆ ಹಾಸ್ಯಪ್ರಜ್ಞೆ.

ನಾನು: ಹಿಡಿದುಕೊಂಡ ಮೇಲೆ ಉಳಿದದ್ದಾದರೂ ಬರಬೇಕಿತ್ತಲ್ಲ. ದಿನಾ ಮೊಬೈಲ್ ನೋಡ್ತಾ ಇದ್ದೀನಿ, ಮೆಸೇಜೇ ಇಲ್ಲ.

ಸಂಬಳರಾಯರು: ಅಲ್ಲೇ ಮೊದಲ ತಪ್ಪು. ಮೆಸೇಜು ಅಂದ್ರೆ ಮೆರವಣಿಗೆ ಮುಂದೆ ಓಡೋ ಡೋಲಿನವನು. ಅವನು ಬರ್ಲಿಲ್ಲ ಅಂದ್ರೆ ದೇವರು ಬಂದಿಲ್ಲ ಅಂತಲ್ಲ. ಬ್ಯಾಂಕಿನಲ್ಲಿ ನಿಮ್ಮ ಹಳೇ ಮೊಬೈಲ್ ನಂಬರೇ ಇದ್ರೆ ಡೋಲು ಬೇರೆ ಯಾರದೋ ಬಾಗಿಲಲ್ಲಿ ಬಾರಿಸ್ತಾ ಇರುತ್ತೆ. ಸ್ಟೇಟ್‌ಮೆಂಟ್ ತೆಗೀರಿ, ಇಲ್ಲ ಪಾಸ್‌ಬುಕ್ ಎಂಟ್ರಿ ಹಾಕ್ಸಿ. ಎಷ್ಟೋ ಮನೆಗಳಿಗೆ ನಾನು ಬಂದೂ ಹೋಗಿರ್ತೀನಿ. ಬೆಳಗಿನ ಜಾವ ಬಂದೆ. ಯಜಮಾನ ಎದ್ದು ಹಲ್ಲುಜ್ಜೋದರೊಳಗೆ ಸ್ಕೂಟರಿನ ಇಎಂಐ, ಪರ್ಸನಲ್ ಲೋನಿನ ಇಎಂಐ, ಮಿನಿಮಮ್ ಬ್ಯಾಲೆನ್ಸ್ ಇಟ್ಟಿಲ್ಲ ಅಂತ ಹಾಕಿದ ದಂಡ, ಎಲ್ಲರೂ ಸೇರಿ ಹಂಚ್ಕೊಂಡು ಹೋದ್ರು. ಅವರು ಎದ್ದು ನೋಡಿ, ‘ಸಂಬಳ ಬಂದಿಲ್ಲ’ ಅಂತ ಕಂಪನಿಯವರನ್ನ ಬೈಯ್ತಾರೆ.

ನಾನು: ಸ್ಟೇಟ್‌ಮೆಂಟಿನಲ್ಲೂ ಇಲ್ಲ.

ಸಂಬಳರಾಯರು: ಸರಿ, ಹಾಗಾದ್ರೆ ಎರಡನೇ ಪರೀಕ್ಷೆ. ಪಕ್ಕದ ಸೀಟಿನವರಿಗೆ ಬಂತಾ?

ನಾನು: ಛೆ, ಸಂಬಳದ ವಿಷಯ ಹೇಗೆ ಕೇಳೋದು?

ಸಂಬಳರಾಯರು: ನೋಡಿದ್ರಾ! ಹತ್ತು ವರ್ಷ ಒಂದೇ ಡಬ್ಬಿಯಿಂದ ಉಪ್ಪಿನಕಾಯಿ ಹಂಚ್ಕೊಂಡು ತಿಂದಿದ್ದೀರಿ. ಅವರ ಅತ್ತೆಗೆ ಸಕ್ಕರೆ ಕಾಯಿಲೆ ಎಷ್ಟಿದೆ ಅಂತ ಗೊತ್ತು. ಇದೊಂದು ಕೇಳೋಕೆ ನಾಚಿಕೆ. ಎಷ್ಟು ಬಂತು ಅಂತ ಕೇಳಬೇಡಿ, ಬಂತಾ ಅಂತ ಕೇಳಿ. ಅದೊಂದೇ ಪ್ರಶ್ನೆಯಲ್ಲಿ ಅರ್ಧ ರೋಗ ಗೊತ್ತಾಗುತ್ತೆ. ಯಾರಿಗೂ ಬಂದಿಲ್ಲ ಅಂದ್ರೆ ರೋಗ ಕಂಪನಿಯದು. ನಿಮಗೊಬ್ಬರಿಗೇ ಬಂದಿಲ್ಲ ಅಂದ್ರೆ ರೋಗ ನಿಮ್ಮ ಖಾತೆಯ ವಿವರದ್ದು. ಎರಡಕ್ಕೂ ಔಷಧ ಬೇರೆ, ವೈದ್ಯರೂ ಬೇರೆ.

ನಾನು: ಕೇಳಿದೆ ಅಂತಲೇ ಇಟ್ಕೊಳ್ಳಿ. ಅವರಿಗೆಲ್ಲ ಬಂದಿದೆ. ನನಗೆ ಮಾತ್ರ ಬಂದಿಲ್ಲ. ಅಕೌಂಟ್ಸ್‌ನವರು ‘ಪ್ರೊಸೆಸ್ ಆಗಿದೆ’ ಅಂತಾರಲ್ಲ?

ಸಂಬಳರಾಯರು: (ನಕ್ಕು) ಕನ್ನಡದಲ್ಲಿ ಇಷ್ಟು ಅರ್ಥ ಇರೋ ಇನ್ನೊಂದು ಪದ ನಾನು ನೋಡಿಲ್ಲ. ‘ಪ್ರೊಸೆಸ್ ಆಗಿದೆ’ ಅಂದ್ರೆ ಪಟ್ಟಿ ತಯಾರಾಗಿದೆ ಅಂತಿರಬಹುದು. ಪಟ್ಟಿಯನ್ನ ಬ್ಯಾಂಕಿನ ಪೋರ್ಟಲ್ಲಿಗೆ ಏರಿಸಿದ್ದಾರೆ ಅಂತಿರಬಹುದು. ಏರಿಸಿದವರು ಒಬ್ಬರು, ಒಪ್ಪಿಗೆ ಒತ್ತಬೇಕಾದವರು ಇನ್ನೊಬ್ಬರು. ಮೇಕರ್, ಚೆಕ್ಕರ್ ಅಂತಾರೆ. ಮೇಕರ್ ಮಾಡಿಟ್ಟು ಮನೆಗೆ ಹೋದ. ಚೆಕ್ಕರ್ ತಿರುಪತಿಗೆ ಹೋದ. ಮಂಡೆ ಬೋಳಿಸ್ಕೊಂಡು ಬರೋ ತನಕ ಮುನ್ನೂರು ಜನರ ಸಂಬಳ ಪರದೆ ಮೇಲೆ ಹಾಗೇ ನಿಂತಿರುತ್ತೆ. ಆದ್ರೆ ಕೇಳಿದವರಿಗೆಲ್ಲ ‘ಪ್ರೊಸೆಸ್ ಆಗಿದೆ’.

ನಾನು: ಮತ್ತೆ ನಾನು ಏನಂತ ಕೇಳಬೇಕು?

ಸಂಬಳರಾಯರು: ಮೂರೇ ಅಕ್ಷರ. ಯುಟಿಆರ್. ದುಡ್ಡು ನಿಜವಾಗಿ ಹೊರಟಿದ್ರೆ ಅದಕ್ಕೊಂದು ಯುಟಿಆರ್ ನಂಬರ್ ಹುಟ್ಟಿರುತ್ತೆ. ಅದು ನನ್ನ ಬಸ್ ಟಿಕೆಟ್. ‘ಸಂಬಳ ಯಾವಾಗ ಬರುತ್ತೆ ಸಾರ್’ ಅಂದ್ರೆ ಉತ್ತರ ‘ಬರುತ್ತೆ’. ‘ನನ್ನ ಸಂಬಳದ ಯುಟಿಆರ್ ಕೊಡಿ’ ಅಂದ್ರೆ ನಂಬರ್ ಕೊಡಬೇಕು, ಇಲ್ಲ ತಡವರಿಸಬೇಕು. ನಂಬರ್ ಕೊಟ್ರೆ ಅದನ್ನ ಹಿಡ್ಕೊಂಡು ಬ್ಯಾಂಕಿಗೆ ಹೋಗಿ. ತಡವರಿಸಿದ್ರೆ ನಾನಿನ್ನೂ ಬಸ್ಸೇ ಹತ್ತಿಲ್ಲ ಅಂತ ಅರ್ಥ. ಬ್ಯಾಂಕಿಗೆ ಹೋಗಿ ಕ್ಯೂ ನಿಂತು ಪ್ರಯೋಜನ ಇಲ್ಲ. ನೀವು ಪೀಣ್ಯ, ರಾಜಾಜಿನಗರ ಅಂತ ಎರಡು ಸಲ ಓಡಾಡಿದ್ದು ಈ ಒಂದು ನಂಬರ್ ಕೇಳದೇ ಇದ್ದದ್ದಕ್ಕೆ.

ನಾನು: ಬಸ್ಸು ಹತ್ತಿದ ಮೇಲೆ ಎಷ್ಟು ಹೊತ್ತಿನ ಪ್ರಯಾಣ? ಭಾನುವಾರ, ಎರಡನೇ ಶನಿವಾರ, ಹಬ್ಬ, ಎಲ್ಲಾ ಲೆಕ್ಕ ಹಾಕಬೇಕಲ್ಲ?

ಸಂಬಳರಾಯರು: ಆ ನೆಪ ಹಳತಾಯ್ತು. ಬ್ಯಾಂಕಿಂದ ಬ್ಯಾಂಕಿಗೆ ದುಡ್ಡು ಸಾಗಿಸೋ ನಮ್ಮ ನೆಫ್ಟ್ ಬಸ್ಸು 2019ರ ಡಿಸೆಂಬರ್ 16ರಿಂದ ಹಗಲೂ ರಾತ್ರಿ, ರಜೆ ಇಲ್ಲದೆ ಓಡ್ತಾ ಇದೆ. ಅರ್ಧ ಗಂಟೆಗೊಂದು, ದಿನಕ್ಕೆ 48 ಟ್ರಿಪ್. ಈಗ ಕೇಳಿಸಿತಲ್ಲ, ಅದೇ ಗಂಟೆ. ದೊಡ್ಡ ಕಂಪನಿಗಳು ಸಾವಿರಾರು ಜನರಿಗೆ ಒಟ್ಟಿಗೆ ಹಾಕೋ ನಾಚ್ ಅನ್ನೋ ವ್ಯವಸ್ಥೆಗೆ ಮೊದಲು ಬ್ಯಾಂಕ್ ರಜೆ ಅಡ್ಡ ಬರ್ತಿತ್ತು. 2021ರ ಆಗಸ್ಟ್ 1ರಿಂದ ಅದೂ ವಾರದ ಏಳೂ ದಿನ. ಹಾಗಾಗಿ ‘ನಾಳೆ ಬ್ಯಾಂಕ್ ಹಾಲಿಡೇ’ ಅಂತ ಯಾರಾದ್ರೂ ಅಂದ್ರೆ, ಹಾಲಿಡೇ ಬ್ಯಾಂಕಿನದಲ್ಲ, ಅವರದು.

ನಾನು: ನೆಫ್ಟ್‌ನಲ್ಲಿ ಬಂದರೂ ನಮ್ಮ ಬ್ಯಾಂಕೇ ತಡಮಾಡಿದರೆ?

ಸಂಬಳರಾಯರು: ಆ ಟ್ರಿಪ್ಪಿನ ಲೆಕ್ಕ ಮುಗಿದ ಎರಡು ಗಂಟೆಯೊಳಗೆ ನಿಮ್ಮ ಬ್ಯಾಂಕು ನನ್ನನ್ನ ನಿಮ್ಮ ಖಾತೆಗೆ ಇಳಿಸಬೇಕು, ಇಲ್ಲ ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. ಮಧ್ಯದಲ್ಲಿ ಕೂರಿಸ್ಕೊಳ್ಳೋ ಹಾಗಿಲ್ಲ. ತಡಮಾಡಿದ್ರೆ ರೆಪೊ ದರದ ಮೇಲೆ ಶೇಕಡಾ ಎರಡು ಸೇರಿಸಿ ಬಡ್ಡಿ ಕೊಡಬೇಕು, ಅದೂ ಗ್ರಾಹಕ ಕೇಳದೇನೇ. ‘ಕೇಳದೇನೇ’ ಅನ್ನೋದು ರಿಸರ್ವ್ ಬ್ಯಾಂಕಿನ ಮಾತು. ನೀವು ಕೇಳಿಯೇ ಕೇಳಿ.

ನಾನು: ಬ್ಯಾಂಕು ದೂರಿಗೆ ಕಿವಿಗೊಡದಿದ್ದರೆ?

ಸಂಬಳರಾಯರು: ಬರವಣಿಗೆಯಲ್ಲಿ ದೂರು ಕೊಟ್ಟು ನಂಬರ್ ತಗೊಳ್ಳಿ. 30 ದಿನ ಕಾಯಿರಿ. ಉತ್ತರ ಬರಲಿಲ್ಲ, ಬಂದ ಉತ್ತರ ಸರಿಹೋಗಲಿಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಹತ್ತಿರ ಹೋಗಿ. ಖರ್ಚಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. ಆದ್ರೆ ತಪ್ಪು ಬ್ಯಾಂಕಿನದ್ದಾಗಿದ್ರೆ ಮಾತ್ರ. ಕಂಪನಿ ಕಳಿಸದೇ ಇರೋದಕ್ಕೆ ಒಂಬುಡ್ಸ್‌ಮನ್ ಏನು ಮಾಡ್ತಾರೆ ಪಾಪ.

(ಅಷ್ಟರಲ್ಲಿ ಪಕ್ಕದ ಬೆಂಚಿನಿಂದ ನಿಟ್ಟುಸಿರು ಕೇಳಿಸಿತು. ದಪ್ಪನೆಯ ಬ್ಯಾಗು ಹೊತ್ತ ಇನ್ನೊಂದು ಸಂಬಳ, ತಲೆ ತಗ್ಗಿಸಿ ಕೂತಿತ್ತು.)

ನಾನು: ಅವರು ಯಾರು?

ಸಂಬಳರಾಯರು: ಪಾಪ, ಖಾತೆ ನಂಬರಿನಲ್ಲಿ 69 ಇದ್ದದ್ದನ್ನ 96 ಅಂತ ಟೈಪ್ ಮಾಡಿದ್ರು. ಹಾಸನಕ್ಕೆ ಹೋಗಬೇಕಾದವರು ಹೊಸಪೇಟೆಯ ಯಾರದೋ ಖಾತೆಗೆ ಹೋಗಿ ಇಳಿದ್ರು. ಖಾತೆದಾರರು ಒಪ್ಪಿ ವಾಪಸ್ ಕೊಡೋಕೆ ಮೂರು ವಾರ ಹಿಡಿಯಿತು.

ನಾನು: ಹೆಸರು ಬೇರೆ ಇದ್ದರೂ ಬ್ಯಾಂಕು ಹಾಕಿಬಿಡುತ್ತಾ?

ಸಂಬಳರಾಯರು: ಹೂಂ. ಆನ್‌ಲೈನಿನಲ್ಲಿ ಹೊರಟ ದುಡ್ಡಿಗೆ ನಂಬರೇ ಊರು, ನಂಬರೇ ಮನೆ. ಹೆಸರು ಬರೀ ಅಲಂಕಾರ. ಖಾತೆ ನಂಬರನ್ನಷ್ಟೇ ನೋಡಿ ಜಮಾ ಮಾಡಬಹುದು ಅಂತ 2010ರಿಂದ ನಿಯಮ. ಆ ನಂಬರು ಇಲ್ಲವೇ ಇಲ್ಲ ಅಂದ್ರೆ ಅದೃಷ್ಟ, ನಾನು ವಾಪಸ್ ಬರ್ತೀನಿ. ಇನ್ನೊಬ್ಬರದ್ದಾಗಿದ್ರೆ ಅವರ ಮನೆ ಪಾಯಸ. 2025ರ ಏಪ್ರಿಲ್‌ನಿಂದ, ಕಳಿಸೋ ಮೊದಲು ಖಾತೆದಾರನ ಹೆಸರು ನೋಡಿಕೊಳ್ಳೋ ಸೌಲಭ್ಯವನ್ನ ನೆಫ್ಟ್‌ಗೂ ಕೊಡಿ ಅಂತ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದೆ. ಆದ್ರೆ ಮುನ್ನೂರು ಜನರ ಫೈಲನ್ನ ಒಂದೇ ಏಟಿಗೆ ಎಸೆಯೋ ಕೈಗೆ ಒಬ್ಬೊಬ್ಬರ ಹೆಸರು ನೋಡೋ ಪುರಸೊತ್ತು ಎಲ್ಲಿಂದ ಬರಬೇಕು?

ನಾನು: ಎರಡಂಕಿ ಅದಲುಬದಲಾದರೆ ಇಷ್ಟೆಲ್ಲಾ ರಾದ್ಧಾಂತ!

ಸಂಬಳರಾಯರು: ನಗೋ ವಿಷಯ ಅಲ್ಲ ಸ್ವಾಮಿ. ಕೋಲಾರದ ನರಸಾಪುರ ನೆನಪಿದೆಯಾ? 2020ರ ಡಿಸೆಂಬರ್ 12. ಐಫೋನ್ ಜೋಡಿಸೋ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರು ಗಾಜು ಪುಡಿಮಾಡಿದ್ರು, ಗಾಡಿಗಳಿಗೆ ಬೆಂಕಿ ಬಿತ್ತು. ಮೊದಲ ದಿನ ಟೀವಿಯಲ್ಲಿ ಎಲ್ಲರೂ ನೋಡಿದ್ದು ಬೆಂಕಿಯನ್ನ. ವಾರದ ಮೇಲೆ ಕಂಪನಿಯೇ ಒಪ್ಕೊಳ್ತು, ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿಲ್ಲ ಅಂತ. ಕ್ಷಮೆ ಕೇಳಿತು, ದೊಡ್ಡ ಅಧಿಕಾರಿಯನ್ನ ತೆಗೀತು. ಬೆಂಕಿ ಹಚ್ಚಿದ್ದು ಸರಿ ಅನ್ನಲ್ಲ ನಾನು. ಸಾವಿರಾರು ರೂಪಾಯಿಯ ಫೋನನ್ನ ಒಂದು ಸ್ಕ್ರೂ ತಪ್ಪದ ಹಾಗೆ ಜೋಡಿಸೋ ಜಾಗದಲ್ಲಿ ಅದನ್ನ ಜೋಡಿಸಿದವರ ಹಾಜರಿ ಲೆಕ್ಕ ಯಾಕೆ ತಪ್ಪಬೇಕು ಅಂತಷ್ಟೇ ಕೇಳ್ತೀನಿ.

(ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಮತ್ತೆ ಗಂಟೆ ಬಾರಿಸಿತು. ಒಂದು ಗುಂಪು ಎದ್ದು ಹೋಯಿತು. ಸಂಬಳರಾಯರು ಎದ್ದೇಳಲಿಲ್ಲ.)

ನಾನು: ನೀವ್ಯಾಕೆ ಹೊರಡಲಿಲ್ಲ?

ಸಂಬಳರಾಯರು: ನನ್ನ ವಿಳಾಸ ಸರಿ ಇಲ್ಲ. ನೀವು ಈ ಕಂಪನಿಗೆ ಸೇರುವಾಗ ಯಾವ ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿದ್ರಿ?

ನಾನು: ಹಳೇದು. ಆ ಬ್ಯಾಂಕ್ ಈಗ ಇಲ್ಲ, ಇನ್ನೊಂದರಲ್ಲಿ ಸೇರಿಹೋಯಿತು.

ಸಂಬಳರಾಯರು: ಹಾಂ! ನೀವು ಬ್ಯಾಂಕುಗಳ ತವರಿನವರು ಕಣ್ರೀ. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು. ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಮೈಸೂರು ಬ್ಯಾಂಕು. ನಾಲ್ಕೂ ಹೋದವು. ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿಗೆ, ವಿಜಯಾ 2019ರಲ್ಲಿ ಬರೋಡಾಗೆ, ಸಿಂಡಿಕೇಟ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ನಾಲ್ಕೂ ಮದುವೆಗೆ ಮುಹೂರ್ತ ಒಂದೇ, ಏಪ್ರಿಲ್ 1. ಮೆಜೆಸ್ಟಿಕ್ ಹತ್ತಿರದ ವೃತ್ತಕ್ಕೆ ಬಸ್ ಕಂಡಕ್ಟರು ಈಗಲೂ ‘ಮೈಸೂರ್ ಬ್ಯಾಂಕ್, ಮೈಸೂರ್ ಬ್ಯಾಂಕ್’ ಅಂತಾನೇ ಕೂಗ್ತಾರೆ, ಜನ ಸರಿಯಾದ ಜಾಗದಲ್ಲೇ ಇಳೀತಾರೆ. ಕಂಪ್ಯೂಟರಿಗೆ ಆ ಸೌಜನ್ಯ ಇಲ್ಲ.

ನಾನು: ಅಂದರೆ?

ಸಂಬಳರಾಯರು: ಐಎಫ್‌ಎಸ್‌ಸಿ ಅಂತ ಹನ್ನೊಂದು ಅಕ್ಷರದ ಕೋಡ್ ಇರುತ್ತಲ್ಲ. ಮೊದಲ ನಾಲ್ಕು ಬ್ಯಾಂಕಿನ ಹೆಸರು, ಐದನೆಯದು ಸೊನ್ನೆ, ಕೊನೆಯ ಆರು ಶಾಖೆ. ಬ್ಯಾಂಕು ಸೇರಿಹೋದ ಮೇಲೆ ಮೊದಲ ನಾಲ್ಕು ಅಕ್ಷರಾನೇ ಬದಲಾಯ್ತು. ಸ್ವಲ್ಪ ಕಾಲ ಹಳೇ ಕೋಡೂ ನಡೀತು, ಆಮೇಲೆ ಬಾಗಿಲು ಹಾಕಿದ್ರು. ಸಿಂಡಿಕೇಟಿನ ಹಳೇ ಕೋಡಿಗೆ 2021ರ ಜೂನ್ 30 ಕೊನೆ.

ನಾನು: ಅದನ್ನ ಆಗಲೇ ಸರಿಮಾಡಿಸಿದ್ದೆ. ಇಷ್ಟು ವರ್ಷ ಸಂಬಳ ಬರ್ತಾನೇ ಇತ್ತಲ್ಲ!

ಸಂಬಳರಾಯರು: ಬರ್ತಿತ್ತು. ಈ ತಿಂಗಳು ನಿಮ್ಮ ಕಂಪನಿಯವರು ಹೊಸ ಪೇರೋಲ್ ಸಾಫ್ಟ್‌ವೇರ್ ಹಾಕಿದ್ರು. ಯಾರೋ ಹುಡುಗ ಬೀರು ತೆಗೆದು ನೀವು ಸೇರಿದ ವರ್ಷದ ಫೈಲು ಹುಡುಕಿ, ಆ ಜೆರಾಕ್ಸ್ ನೋಡಿ, ಒಂದಕ್ಷರ ಬಿಡದೆ ಶ್ರದ್ಧೆಯಿಂದ ಟೈಪ್ ಮಾಡಿದ. ಇಡೀ ಕಥೆಯಲ್ಲಿ ಶ್ರದ್ಧೆಯಿಂದ ನಡೆದ ಕೆಲಸ ಅದೊಂದೇ.

ನಾನು: ಅಯ್ಯೋ! ಸರ್ಕಾರಿ ನೌಕರಿಯಲ್ಲಾದರೂ ಇಂಥ ಫಜೀತಿ ಇರೋದಿಲ್ಲ ಅಲ್ವಾ?

ಸಂಬಳರಾಯರು: ನಮ್ಮಣ್ಣ ಅಲ್ಲೇ ಇರೋದು. ಅವನಿಗೆ ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಬಿಲ್ ಆಗಬೇಕು, ಹಣ ಸೆಳೆಯೋ ಅಧಿಕಾರಿ ಡಿಡಿಓ ಸಹಿ ಆಗಬೇಕು, ಖಜಾನೆ-2ರಲ್ಲಿ ಪಾಸಾಗಬೇಕು, ಅದಕ್ಕೆಲ್ಲ ಮೊದಲು ಆ ಲೆಕ್ಕ ಶೀರ್ಷಿಕೆಯಲ್ಲಿ ಅನುದಾನ ಇರಬೇಕು. ಡಿಡಿಓಗೆ ವರ್ಗ ಆಗಿ ಹೊಸಬರು ಚಾರ್ಜ್ ತಗೊಳ್ಳೋದು ತಡವಾದ್ರೆ ಇಡೀ ಶಾಲೆಯ ಮೇಷ್ಟ್ರುಗಳು ಕಿರಾಣಿ ಅಂಗಡಿಯಲ್ಲಿ ಬರೆಸಿ ತರ್ತಾರೆ. ನಮ್ಮಣ್ಣ ತಡವಾಗಿ ಬಂದ್ರೂ ಬಂದೇ ಬರ್ತಾನೆ, ಅದೊಂದೇ ವ್ಯತ್ಯಾಸ. ಇನ್ನು ನಮ್ಮ ತಂಗಿ ಗೃಹಲಕ್ಷ್ಮಿ, ಎರಡು ಸಾವಿರದೋಳು. ಅವಳದು ಸಂಬಳ ಅಲ್ಲ ಬಿಡಿ. ಆದ್ರೆ ಅವಳಿಗೆ ಖಾತೆ ನಂಬರೇ ಬೇಕಿಲ್ಲ, ಆಧಾರ್ ಯಾವ ಖಾತೆಗೆ ಕೊನೇದಾಗಿ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗ್ತಾಳೆ. ಹೆಣ್ಣುಮಕ್ಕಳು ಒಂದು ಬ್ಯಾಂಕಿನ ಮುಂದೆ ಕ್ಯೂ ನಿಂತಿರ್ತಾರೆ, ಇವಳು ಯಾವತ್ತೋ ಸಾಲದ ಸಂಘಕ್ಕೆ ಅಂತ ತೆಗೆಸಿ ಮರೆತ ಖಾತೆಯಲ್ಲಿ ಹೋಗಿ ಕೂತಿರ್ತಾಳೆ. ಈಗ ಹಳ್ಳಿ ಕಟ್ಟೆ ಮೇಲೂ ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ’ ಅಂತ ಅಜ್ಜಿಯರು ಕೇಳ್ಕೋತಾರೆ.

ನಾನು: ಕಂಪನಿಯ ಹತ್ತಿರ ದುಡ್ಡೇ ಇಲ್ಲದಿದ್ದರೆ?

ಸಂಬಳರಾಯರು: ಅದು ಎಲ್ಲಕ್ಕಿಂತ ಕೆಟ್ಟ ರೋಗ. ಲಕ್ಷಣಗಳು ಮೊದಲೇ ಕಾಣಿಸುತ್ತೆ. ನನಗಿಂತ ಮುಂಚೆ ಪಿಎಫ್ ನಿಂತಿರುತ್ತೆ. ಪೇ ಸ್ಲಿಪ್ಪಿನಲ್ಲಿ ಕಡಿತ ಆಗಿರುತ್ತೆ, ಪಿಎಫ್ ಪಾಸ್‌ಬುಕ್ಕಿನಲ್ಲಿ ಜಮಾ ಆಗಿರಲ್ಲ. ಆಗಾಗ ತೆಗೆದು ನೋಡ್ತಾ ಇರಿ. ಆಮೇಲೆ ಸಂಬಳ ಒಂದರಿಂದ ಐದಕ್ಕೆ ಜಾರುತ್ತೆ, ಐದರಿಂದ ಹನ್ನೆರಡಕ್ಕೆ. ಆಮೇಲೆ ‘ಈ ತಿಂಗಳು ಅರ್ಧ ತಗೊಳ್ಳಿ, ನಾವೆಲ್ಲ ಒಂದೇ ಕುಟುಂಬ’ ಅನ್ನೋ ಭಾಷಣ. ‘ಕುಟುಂಬ’ ಅನ್ನೋ ಮಾತು ಕೇಳಿದ ದಿನ ನಿಮ್ಮ ಕಾಗದಪತ್ರ ಜೋಡಿಸಿಕೊಳ್ಳಿ. ಆಫರ್ ಲೆಟರ್, ಪೇ ಸ್ಲಿಪ್, ಹಾಜರಿ, ಬ್ಯಾಂಕ್ ಸ್ಟೇಟ್‌ಮೆಂಟ್. ಕಂಪನಿ ದಿವಾಳಿ ಆಗಿ ಆಸ್ತಿ ಮಾರಾಟಕ್ಕೆ ಬಂದ್ರೆ, ಕಾರ್ಮಿಕರ ಹಿಂದಿನ 24 ತಿಂಗಳ ಬಾಕಿಗೆ ಅಡಮಾನ ಇಟ್ಕೊಂಡ ಬ್ಯಾಂಕಿನ ಪಕ್ಕದಲ್ಲೇ ಕುರ್ಚಿ, ಉಳಿದ ನೌಕರರ 12 ತಿಂಗಳ ಬಾಕಿಗೆ ಅದರ ಹಿಂದಿನ ಸಾಲು. ಕಾಗದ ಇದ್ದವರಿಗೆ ಕುರ್ಚಿ.

ನಾನು: ಅಷ್ಟು ದೂರ ಹೋಗೋದು ಬೇಡ. ಸಂಬಳ ಇಂಥ ತಾರೀಖಿನೊಳಗೆ ಕೊಡಬೇಕು ಅಂತ ಕಾನೂನು ಇದೆಯಾ?

ಸಂಬಳರಾಯರು: 1936ರಿಂದ ಇದೆ, ನೀವು ಹುಟ್ಟೋದಕ್ಕೂ ಮೊದಲಿನಿಂದ. ಹಳೇ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಮ್ಮಿ ಜನ ಇದ್ರೆ ಏಳನೇ ತಾರೀಖು, ಜಾಸ್ತಿ ಇದ್ರೆ ಹತ್ತು. ಆದ್ರೆ ಕೊನೆಕೊನೆಗೆ ತಿಂಗಳಿಗೆ 24,000 ದಾಟಿದವರಿಗೆ ಆ ಕೊಡೆ ಸಿಗ್ತಿರಲಿಲ್ಲ. ಈಗ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಬಂದಿದೆ. ತಿಂಗಳ ಸಂಬಳ ಮುಂದಿನ ತಿಂಗಳ ಏಳರೊಳಗೆ, ಅಷ್ಟೇ. ಸಂಬಳ ಎಷ್ಟೇ ಇರಲಿ, ಕಂಪನಿ ಎಷ್ಟು ದೊಡ್ಡದೇ ಇರಲಿ. ಕೆಲಸ ಬಿಟ್ಟವರಿಗೆ, ಬಿಡಿಸಿದವರಿಗೆ ಎರಡು ಕೆಲಸದ ದಿನದೊಳಗೆ.

ನಾನು: ಇವತ್ತು ಏಳನೇ ತಾರೀಖು!

ಸಂಬಳರಾಯರು: ಇನ್ನರ್ಧ ಗಂಟೆ ಇದೆ. ಹನ್ನೆರಡು ಹೊಡೆದ ಮೇಲೆ ಇದು ಬರೀ ತಡ ಅಲ್ಲ, ಕಾನೂನು ಮುರಿದಂಗೆ.

ನಾನು: ಮುರಿದರೆ ಏನು ಮಾಡೋದು?

ಸಂಬಳರಾಯರು: ಮೊದಲು ಕಂಪನಿಗೇ ಬರವಣಿಗೆಯಲ್ಲಿ ಕೇಳಿ. ಕಾಫಿ ಮೆಷಿನ್ ಹತ್ತಿರ ಕೇಳಿದ್ದು, ಲಿಫ್ಟಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಅದಕ್ಕೂ ಜಗ್ಗದಿದ್ರೆ ಕಾರ್ಮಿಕ ಇಲಾಖೆ. ಬೆಂಗಳೂರಿನವರಿಗೆ ಬನ್ನೇರುಘಟ್ಟ ರಸ್ತೆಯಲ್ಲಿ ಕಾರ್ಮಿಕ ಭವನ ಇದೆ. ಸಂಹಿತೆಯಲ್ಲಿ ‘ಇನ್ಸ್‌ಪೆಕ್ಟರ್-ಕಮ್-ಫೆಸಿಲಿಟೇಟರ್’ ಅಂತ ಜೋಡಿ ಹೆಸರಿನ ಅಧಿಕಾರಿ ಇದ್ದಾರೆ, ಗದರೋದೂ ಅವರೇ ಸಂತೈಸೋದೂ ಅವರೇ. ಬಾಕಿಗೆ ಅರ್ಜಿ ಹಾಕೋಕೆ ಮೂರು ವರ್ಷದ ಗಡುವು. ನೀವೇ ಹಾಕಬಹುದು, ನಿಮ್ಮ ಯೂನಿಯನ್ನೂ ಹಾಕಬಹುದು. ಬಾಕಿ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸೋ ಅಧಿಕಾರ ಪ್ರಾಧಿಕಾರಕ್ಕಿದೆ. ‘ತನಕ’ ಅನ್ನೋ ಪದ ಗಟ್ಟಿಯಾಗಿ ಓದಿ, ಹತ್ತು ಪಟ್ಟು ಬಂತು ಅಂತ ಇವತ್ತೇ ಸೈಟು ನೋಡೋಕೆ ಹೋಗಬೇಡಿ.

ನಾನು: ಅದೆಲ್ಲ ಆಗೋ ಹೊತ್ತಿಗೆ ಮನೆ ಕಥೆ? ಬಾಡಿಗೆ, ಹಾಲು, ಚೀಟಿ, ಇಎಂಐ...

ಸಂಬಳರಾಯರು: ಇಎಂಐ ಒಂದು ವಿಚಿತ್ರ. ಅದೂ ಬರೋದು ನಾಚ್ ದಾರಿಯಲ್ಲೇ. ಅದೇ ರಸ್ತೆಯಲ್ಲಿ ದುಡ್ಡು ಹೊರಗೆ ಹೋಗುವಾಗ ಒಂದು ದಿನವೂ ತಡ ಆಗಲ್ಲ, ಯಾವ ಚೆಕ್ಕರ್ರೂ ತಿರುಪತಿಗೆ ಹೋಗಿರಲ್ಲ! ತಾರೀಖಿಗೆ ಮುಂಚೆ ಸಾಲ ಕೊಟ್ಟವರಿಗೆ ಫೋನ್ ಮಾಡಿ ಹೇಳಿ. ಅವರು ತಾರೀಖು ಮುಂದೂಡಬಹುದು, ಇಲ್ಲದೇನೂ ಇರಬಹುದು. ಬೌನ್ಸ್ ಆದ್ರೆ ಸಾಲ ಕೊಟ್ಟವರೂ ದಂಡ ಹಾಕ್ತಾರೆ, ನಿಮ್ಮ ಬ್ಯಾಂಕೂ ಹಾಕುತ್ತೆ, ಸಿಬಿಲ್‌ನಲ್ಲೂ ಕಲೆ ಉಳಿಯುತ್ತೆ. ಆ ದಂಡದ ರಸೀದಿ ಇಟ್ಕೊಳ್ಳಿ, ಕಂಪನಿ ತಪ್ಪಿಂದ ಆಯ್ತು ಅಂತ ಕೇಳೋಕೆ ಬೇಕು. ಸಣ್ಣಪುಟ್ಟದಕ್ಕೆ ಭಾವಮೈದುನನ ಹತ್ತಿರ ಕೈಗಡ ತಗೊಳ್ಳಿ. ಐದು ನಿಮಿಷದಲ್ಲಿ ಸಾಲ ಕೊಡ್ತೀವಿ ಅನ್ನೋ ಆ್ಯಪ್ ಮಾತ್ರ ಮುಟ್ಟಬೇಡಿ. ಭಾವಮೈದುನ ಹಂಗಿಸಿದ್ರೂ ನಿಮ್ಮ ಫೋನಿನಲ್ಲಿರೋ ಎಲ್ಲರಿಗೂ ಫೋನ್ ಮಾಡಿ ಹಂಗಿಸಲ್ಲ.

ನಾನು: (ಜೇಬಿನ ಚೀಟಿ ತೆಗೆದು) ಬರವಣಿಗೆಯಲ್ಲಿ ಕೇಳಿ ಅಂದಿರಲ್ಲ. ಇದನ್ನೊಮ್ಮೆ ನೋಡಿ.

ಸಂಬಳರಾಯರು: (ಕನ್ನಡಕ ಏರಿಸಿ) ‘ತಮ್ಮ ಅಮೂಲ್ಯ ಸಮಯ... ಕ್ಷಮೆಯಿರಲಿ... ಕೃಪೆಯಿಟ್ಟು...’ ಇದು ಸಂಬಳ ಕೇಳೋ ಕಾಗದವೋ, ಕುಕ್ಕೆಗೆ ಹರಕೆ ಹೊತ್ತ ಚೀಟಿಯೋ? ಕನ್ನಡದಲ್ಲಿ ಸಾಲಗಾರ ಅಂದ್ರೆ ಯಾರು ಹೇಳಿ.

ನಾನು: ಸಾಲ ತಗೊಂಡವನು.

ಸಂಬಳರಾಯರು: ‘ಸಾಲಗಾರರ ಕಾಟ ತಡೆಯೋಕಾಗದೆ ಊರು ಬಿಟ್ಟ’ ಅಂತಾರಲ್ಲ, ಅಲ್ಲಿ?

ನಾನು: ಅಲ್ಲಿ... ಸಾಲ ಕೊಟ್ಟವನು.

ಸಂಬಳರಾಯರು: ಪದ ಒಂದೇ, ಎರಡು ಕಡೆಗೂ ಆಗುತ್ತೆ. ನೀವು ಅದರ ತಪ್ಪು ತುದಿ ಹಿಡ್ಕೊಂಡಿದ್ದೀರಿ. ಮೊದಲು ಹೇಳಿದ ಮೂವತ್ತೇಳು ದಿನದ ಲೆಕ್ಕ ನೆನಪು ಮಾಡ್ಕೊಳ್ಳಿ. ತಿಂಗಳಿಡೀ ನಿಮ್ಮ ದುಡಿಮೆಯನ್ನ ಕಂಪನಿಗೆ ಮುಂಗಡ ಕೊಟ್ಟಿದ್ದೀರಿ. ಬಡ್ಡಿ ಇಲ್ಲ, ಪ್ರೊಸೆಸಿಂಗ್ ಫೀ ಇಲ್ಲ, ಜಾಮೀನು ಇಲ್ಲ. ಯಾವ ಬ್ಯಾಂಕೂ ಅವರಿಗೆ ಇಂಥ ಸಾಲ ಕೊಡಲ್ಲ. ಸಾಲ ವಸೂಲಿಗೆ ಹೋದವರು ‘ತಮ್ಮ ಸಮಯ ಹಾಳುಮಾಡ್ತಿದ್ದೀನಿ, ಕ್ಷಮಿಸಿ’ ಅಂತ ಬಾಗಿಲು ತಟ್ಟೋದನ್ನ ಎಲ್ಲಾದ್ರೂ ನೋಡಿದ್ದೀರಾ?

(ಪೆನ್ನು ಕೇಳಿ ಇಸಿದುಕೊಂಡರು. ‘ಅಮೂಲ್ಯ ಸಮಯ’ಕ್ಕೆ ಗೆರೆ ಎಳೆದರು. ‘ಕ್ಷಮೆ’ ಹೋಯಿತು, ‘ಕೃಪೆ’ ಹೋಯಿತು. ಹಾಳೆಯಲ್ಲಿ ನನ್ನ ಹೆಸರು ಮಾತ್ರ ಉಳಿಯಿತು.)

ಸಂಬಳರಾಯರು: ಈಗ ಬರೀರಿ. ಯಾವ ತಿಂಗಳ ಸಂಬಳ, ಎಷ್ಟು, ಇವತ್ತಿನ ತಾರೀಖು. ಸರಿಯಾದ ಖಾತೆ ನಂಬರು, ಹೊಸ ಐಎಫ್‌ಎಸ್‌ಸಿ. ಕಳಿಸಿದ್ದರೆ ಯುಟಿಆರ್, ವಾಪಸ್ ಬಂದಿದ್ದರೆ ಯಾವತ್ತು ಮತ್ತೆ ಹಾಕ್ತೀರಿ. ಅಷ್ಟೇ. ಕೊನೆಗೆ ಒಂದು ‘ದಯವಿಟ್ಟು’ ಇರಲಿ. ಅದು ಮರ್ಯಾದೆ, ಖರ್ಚಿಲ್ಲ.

ನಾನು: (ಬರೆದು ಮುಗಿಸಿ) ಒಂದು ಕೇಳೋದು ಮರೆತೆ. ನಾವು ಕೂತಿರೋ ಈ ಪಡಸಾಲೆ, ದಿಕ್ಕು ಕಾಣದ ದುಡ್ಡನ್ನ ಕೂರಿಸೋ ಸಸ್ಪೆನ್ಸ್ ಖಾತೆ, ಯಾವ ಬ್ಯಾಂಕಿನದು?

ಸಂಬಳರಾಯರು: ಸಸ್ಪೆನ್ಸೂ ಇಲ್ಲ, ಪತ್ತೇದಾರಿಯೂ ಇಲ್ಲ ಸ್ವಾಮಿ. ಇದು ನಿಮ್ಮ ಕಂಪನಿಯದೇ ಖಾತೆ. ಒಂದನೇ ತಾರೀಖು ಬೆಳಿಗ್ಗೆ ಹೊರಟೆ, ಕೋಡ್ ಹಳೇದು ಅಂತ ಗೇಟಿನಲ್ಲೇ ತಡೆದ್ರು, ಅವತ್ತೇ ವಾಪಸ್ ಬಂದು ಈ ಬೆಂಚಿನ ಮೇಲೆ ಕೂತೆ. ನಿಮ್ಮ ಅಕೌಂಟ್ಸ್‌ನವರು ದಿನಾ ನನ್ನ ಮುಂದೆ ಓಡಾಡ್ತಾರೆ. ವಾಪಸ್ ಬಂದವರ ಪಟ್ಟಿ ಅಂತ ಒಂದಿದೆ, ಅದನ್ನ ಯಾರೂ ತೆಗೆದಿಲ್ಲ. ಯಾರೂ ಕೇಳಿಲ್ಲವಲ್ಲ.

ಹನ್ನೆರಡರ ಗಂಟೆ ಬಾರಿಸಿತು. ರಾಯರು ಗಂಟು ಬಿಚ್ಚಿ ನೋಡಿ, ಅನ್ನ ಹಳಸಿಲ್ಲ ಎಂದು ಖಾತ್ರಿ ಮಾಡಿಕೊಂಡು ಮತ್ತೆ ಕಟ್ಟಿದರು. ನಾನು ಮೇಲ್ ಕಳಿಸಿದೆ. ವಿಷಯದ ಜಾಗದಲ್ಲಿ ‘ವಿನಂತಿ’ ಎಂದು ಬರೆದಿದ್ದನ್ನು ಅಳಿಸಿ ‘ಬಾಕಿ’ ಎಂದು ಹಾಕಿದ್ದೆ.